ಉಪ್ಪುನೀರು, ವಿದ್ಯುತ್ತು ಮತ್ತು ತೊಳೆಯುವ ಕೈ

ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಹೋಟೆಲಿಗೆ ದೊಡ್ಡ ಅಧ್ಯಾಯವೇ ಇದೆ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಊಟವನ್ನು ನಾವು ಇಂದಿಗೂ ಕೊಂಡಾಡುತ್ತೇವೆ. ಇಂಥ ಅಡುಗೆಮನೆಗಳ ನೀರಿನ ಕಥೆಯನ್ನು ಮಾತ್ರ ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಇಡ್ಲಿಯನ್ನು ಹಬೆ ಕಾಯುತ್ತದೆ. ಹಸಿ ಚಟ್ನಿಯನ್ನು ನೀರಿನ ಶುದ್ಧಿಯೇ ಕಾಯಬೇಕು.

ಈ ನಗರಕ್ಕೆ 1860ರಲ್ಲಿ ವಿಹಾರ, 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ ಜಲಾಶಯಗಳಿಂದ ನೀರು ಬಂತು. ಆದರೆ ನಲ್ಲಿಯ ನೀರು ನಿಗದಿತ ವೇಳೆಗಷ್ಟೇ ಬರುವುದರಿಂದ, ಅದು ನೆಲದಡಿಯ ಟಾಂಕಿಯಲ್ಲಿ ಕಾದು, ಮಾಳಿಗೆಗೇರಿ, ಬಳಿಕ ಪಾತ್ರೆಗಿಳಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ನೆರೆನೀರು ಅನೇಕ ಕಟ್ಟಡಗಳ ಟಾಂಕಿಗಳನ್ನು ಹೊಕ್ಕಿತು. ನೀರಿನ ದಾರಿಯ ಕೊನೆಯ ಹತ್ತು ಮಾರಿನ ಹೊಣೆ ಅಡುಗೆಮನೆಯದೇ ಎಂಬುದನ್ನು ಅಂದು ನಾವು ಕಂಡೆವು.

ಆ ಹೊಣೆಗೆ ವಿಜ್ಞಾನ ಒದಗಿಸಿರುವ ಉಪಾಯಗಳಲ್ಲಿ ವಿದ್ಯುದ್ವಿಭಜನೆಯೂ ಒಂದು. ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿದರೆ ಧನಾಗ್ರದಲ್ಲಿ ಕ್ಲೋರೀನ್ ಹುಟ್ಟಿ, ನೀರಿನೊಡನೆ ಕೂಡಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ರೋಗಾಣುಗಳನ್ನು ಕೊಲ್ಲುವುದು ಅದೇ. ಕಲ್ಪನೆ ಹೊಸದಲ್ಲ. 1890ರ ದಶಕದಲ್ಲೇ ಫ್ರಾನ್ಸಿನ ಯೂಜೀನ್ ಎರ್ಮೀತ್ ಸಮುದ್ರದ ನೀರಿಗೆ ವಿದ್ಯುತ್ ಹಾಯಿಸಿ, ಅದನ್ನು ಚರಂಡಿಗಳ ಶುದ್ಧಿಗೆ ಬಳಸಲು ಯತ್ನಿಸಿದ್ದರು. ವಿದ್ಯುದಗ್ರಗಳು ಸವೆದುಹೋಗುವುದು ಬಹುಕಾಲದ ತೊಡಕಾಗಿತ್ತು. 1960ರ ದಶಕದಲ್ಲಿ ಹೆನ್ರಿ ಬೀರ್ ರೂಪಿಸಿದ, ರುಥೇನಿಯಂ ಆಕ್ಸೈಡ್ ಲೇಪಿಸಿದ ಟೈಟಾನಿಯಂ ಅಗ್ರ ಅದಕ್ಕೆ ಪರಿಹಾರವಾಯಿತು. 2002ರಲ್ಲಿ ಜಪಾನ್ ಹೈಪೋಕ್ಲೋರಸ್ ಆಮ್ಲದ ನೀರನ್ನು ಆಹಾರ ಸಂಸ್ಕರಣೆಗೆ ಅಂಗೀಕರಿಸಿತು; ಆಹಾರ ಸಿದ್ಧವಾಗುವ ಮೊದಲು ಅದನ್ನು ತೆಗೆದುಹಾಕಬೇಕೆಂಬ ನಿಯಮವನ್ನೂ ವಿಧಿಸಿತು.

ಈ ನೀರಿಗೂ ಒಂದು ಮಿತಿಯಿದೆ. ಮಣ್ಣು, ಹಿಟ್ಟು, ಸೊಪ್ಪಿನ ಚೂರು ಉಳಿದಿದ್ದರೆ ಕ್ಲೋರೀನಿನ ಶಕ್ತಿ ಅವುಗಳ ಮೇಲೆಯೇ ವ್ಯಯವಾಗುತ್ತದೆ, ರೋಗಾಣು ಬದುಕಿಕೊಳ್ಳುತ್ತದೆ. ಆದ್ದರಿಂದ ಕೊತ್ತಂಬರಿ ಸೊಪ್ಪನ್ನು ಬಿಡಿಸಿ, ಮಣ್ಣು ಹೋಗುವವರೆಗೆ ಜಾಲಾಡುವ ಕೈ ಮೊದಲು ಬೇಕು. ಕರಾವಳಿಯ ಹಳ್ಳಿಗಳಿಂದ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಕೈ ಅದು. ಟಾಂಕಿಗಿಳಿದು ಪಾಚಿ ಉಜ್ಜಿದವರೂ ಅವರೇ. ಸ್ಥಾಪಕರ ಹೆಸರುಗಳು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಉಳಿದಿವೆ. ಈ ಮಾಣಿಗಳ ಹೆಸರುಗಳು ಉಳಿದಿಲ್ಲ. ಅವರಲ್ಲಿ ಕೆಲವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ನಾವು ಇನ್ನು ಮುಂದೂಡಬಾರದು.