ಮುಪ್ಪಿಗೆ ಮೊಸರು: ಒಂದು ಹಳೆಯ ಆಸೆಯ ನೂರಿಪ್ಪತ್ತು ವರ್ಷ

1904ರಲ್ಲಿ ಇಲ್ಯಾ ಮೆಚ್ನಿಕಾಫ್ ಪ್ಯಾರಿಸ್ಸಿನಲ್ಲಿ ಮುಪ್ಪಿನ ಬಗ್ಗೆ ಉಪನ್ಯಾಸ ಮಾಡಿದರು. ಪಾಶ್ಚರ್ ಸಂಸ್ಥೆಯ ಈ ವಿಜ್ಞಾನಿಗೆ ನಾಲ್ಕು ವರ್ಷಗಳ ನಂತರ ನೊಬೆಲ್ ಬಂತು; ಬಂದದ್ದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ, ಮೊಸರಿಗಲ್ಲ. ಜನ ಮಾತ್ರ ಮೊಸರನ್ನೇ ಹಿಡಿದುಕೊಂಡರು. ದೊಡ್ಡ ಕರುಳಿನಲ್ಲಿ ಆಹಾರ ಕೊಳೆಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಉಗುಳುವ ವಿಷ ರಕ್ತಕ್ಕೆ ಸೇರಿ ದೇಹವನ್ನು ಮುದಿಯಾಗಿಸುತ್ತದೆ, ಹುಳಿಹಾಲಿನ ಲ್ಯಾಕ್ಟಿಕ್ ಆಮ್ಲ ಆ ಕೊಳೆತವನ್ನು ತಡೆಯುತ್ತದೆ: ಇದು ಅವರ ವಾದ. ಹುಳಿಹಾಲು ಕುಡಿದು ಬಹುಕಾಲ ಬದುಕುವ ಬಲ್ಗೇರಿಯದ ರೈತರನ್ನು ಅವರು ಸಾಕ್ಷಿಗೆ ಕರೆದರು. 1905ರಲ್ಲಿ ಜಿನೀವಾದಲ್ಲಿ ಓದುತ್ತಿದ್ದ ಬಲ್ಗೇರಿಯದ ಸ್ತಾಮೆನ್ ಗ್ರಿಗೊರೊವ್ ತಮ್ಮ ನಾಡಿನ ಮೊಸರಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದಾಗ ವಾದಕ್ಕೆ ಒಂದು ಹೆಸರುಳ್ಳ ನಾಯಕನೂ ಸಿಕ್ಕಂತಾಯಿತು.

ಮೆಚ್ನಿಕಾಫ್ ತಾವೂ ಹುಳಿಹಾಲು ಬಿಡಲಿಲ್ಲ. 1916ರಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು. ಇದನ್ನು ಹಿಡಿದು ಆಡಿಕೊಂಡವರಿದ್ದಾರೆ. ಒಬ್ಬರ ಆಯುಸ್ಸಿನಿಂದ ಸಿದ್ಧಾಂತ ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಬಿದ್ದದ್ದು ಪ್ರಯೋಗಾಲಯದಲ್ಲಿ. ಯೇಲ್ ವಿಶ್ವವಿದ್ಯಾಲಯದ ಲಿಯೊ ರೆಟ್ಗರ್, ಬಲ್ಗೇರಿಯದ ಆ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲ ಎಂದು 1920ರ ದಶಕದ ಹೊತ್ತಿಗೆ ತೋರಿಸಿಕೊಟ್ಟರು. ವ್ಯಾಪಾರ ಅಷ್ಟರಲ್ಲಿ ಮುಂದೆ ಹೋಗಿತ್ತು. ಬಾರ್ಸಿಲೋನಾದಲ್ಲಿ 1919ರಲ್ಲಿ ಹುಟ್ಟಿದ ಡ್ಯಾನೋನ್ ಮೊಸರು ಮೊದಲು ಔಷಧಿ ಅಂಗಡಿಗಳಲ್ಲಿ ಮಾರಾಟವಾಯಿತು. ಕ್ಯೋಟೊದಲ್ಲಿ ಮಿನೊರು ಶಿರೋಟಾ ಜಠರದ ಆಮ್ಲ ದಾಟಿ ಬದುಕುವ ಬ್ಯಾಕ್ಟೀರಿಯಾಕ್ಕಾಗಿ ಹುಡುಕಿ, 1935ರಲ್ಲಿ ಯಾಕುಲ್ಟ್ ಎಂಬ ಪಾನೀಯ ಹೊರತಂದರು.

ಆಮೇಲೆ ಆ್ಯಂಟಿಬಯಾಟಿಕ್‌ಗಳ ಕಾಲ. ಬ್ಯಾಕ್ಟೀರಿಯಾ ಎಂದರೆ ಕೊಲ್ಲಬೇಕಾದದ್ದು ಎಂಬ ನಂಬಿಕೆ ಗಟ್ಟಿಯಾಗಿದ್ದಾಗ, ಅದನ್ನು ತಿನ್ನಿಸುವ ಮಾತಿಗೆ ಯಾರು ಕಿವಿಗೊಡುತ್ತಾರೆ? ‘ಪ್ರೊಬಯಾಟಿಕ್’ ಪದಕ್ಕೆ ಇಂದಿನ ಅರ್ಥ ನಿಂತದ್ದು 2001ರಲ್ಲಿ, ಅರ್ಜೆಂಟೀನಾದ ಕಾರ್ಡೊಬಾದಲ್ಲಿ ಸೇರಿದ ವಿಶ್ವಸಂಸ್ಥೆಯ ತಜ್ಞರ ಸಭೆಯಲ್ಲಿ: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಉಪಯೋಗವಾಗುವ ಜೀವಂತ ಸೂಕ್ಷ್ಮಜೀವಿ. ಉಪಯೋಗ ಸಾಬೀತಾಗಿರಬೇಕು ಎಂಬ ಷರತ್ತು ಅದರೊಳಗೇ ಇದೆ. ಜಾಹೀರಾತು ಬರೆಯುವವರು ಮರೆಯುವುದು ಅದನ್ನೇ.

ಮುದುಕರ ಕರುಳಿನಲ್ಲಿ ನಿಜಕ್ಕೂ ಏನಾಗುತ್ತದೆ ಎಂಬುದು ಡಿಎನ್‌ಎ ಓದುವ ಯಂತ್ರಗಳು ಬಂದ ಮೇಲೆ ಸ್ಪಷ್ಟವಾಗತೊಡಗಿತು. ಐರ್ಲೆಂಡಿನ ಕಾರ್ಕ್‌ನಲ್ಲಿ ಪಾಲ್ ಒಟೂಲ್ ಮತ್ತು ಸಂಗಡಿಗರು 178 ಹಿರಿಯರ ಮಲದ ಮಾದರಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು. ಮನೆಯಲ್ಲಿ ಇರುವವರ ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ. ಆರೈಕೆ ಕೇಂದ್ರದಲ್ಲಿ ಬಹುಕಾಲದಿಂದ ಇರುವವರಲ್ಲಿ ವೈವಿಧ್ಯ ಕಡಿಮೆ. ವೈವಿಧ್ಯ ಕುಗ್ಗಿದವರಲ್ಲಿ ನಿಶ್ಶಕ್ತಿಯೂ ಉರಿಯೂತದ ಲಕ್ಷಣಗಳೂ ಹೆಚ್ಚು. ಕೇಂದ್ರ ಸೇರಿದವರಲ್ಲಿ ಮೊದಲು ಬದಲಾಗುವುದು ಊಟ. ಬ್ಯಾಕ್ಟೀರಿಯಾ ಬದಲಾಗುವುದು ಆಮೇಲೆ. ಅಂದರೆ ವರ್ಷಗಳ ಲೆಕ್ಕಕ್ಕಿಂತ ತಟ್ಟೆಯ ಲೆಕ್ಕವೇ ಹೆಚ್ಚು ಮಾತಾಡುತ್ತಿತ್ತು.

ಹಾಗಾದರೆ ಕಳೆದುಹೋದ ಬ್ಯಾಕ್ಟೀರಿಯಾವನ್ನು ಬಾಟಲಿಯಿಂದ ತುಂಬಿಕೊಡಬಹುದೇ? ಆರಂಭದ ಉತ್ತರಗಳು ಹುಮ್ಮಸ್ಸು ತಂದವು. ನ್ಯೂಜಿಲೆಂಡಿನಲ್ಲಿ 30 ಹಿರಿಯರಿಗೆ ಬೈಫಿಡೊಬ್ಯಾಕ್ಟೀರಿಯಾ ಬೆರೆಸಿದ ಹಾಲು ಕೊಟ್ಟಾಗ ರಕ್ತದಲ್ಲಿನ ರಕ್ಷಕ ಕೋಶಗಳು ಚುರುಕಾದವು ಎಂದು 2001ರಲ್ಲಿ ವರದಿಯಾಯಿತು. ಲಂಡನ್ನಿನ ಆಸ್ಪತ್ರೆಗಳಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದ, ಸರಾಸರಿ 74 ವರ್ಷದ 135 ರೋಗಿಗಳ ಮೇಲಿನ 2007ರ ಅಧ್ಯಯನದಲ್ಲಿ, ಪ್ರೊಬಯಾಟಿಕ್ ಪಾನೀಯ ಕುಡಿದವರಲ್ಲಿ ಭೇದಿಯಾದದ್ದು ಶೇ. 12 ಮಂದಿಗೆ, ಉಳಿದವರಲ್ಲಿ ಶೇ. 34. ಆದರೆ ಈ 135 ಜನರನ್ನು ಆರಿಸಲು ನೂರಾರು ರೋಗಿಗಳನ್ನು ಬದಿಗಿಡಲಾಗಿತ್ತು. ಬ್ರಿಟನ್ನಿನ ಆಸ್ಪತ್ರೆಗಳ 65 ದಾಟಿದ ಸುಮಾರು 3,000 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಅಂತರ ಮಾಯವಾಯಿತು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದೇ ದೇಶದ ಆರೈಕೆ ಕೇಂದ್ರಗಳ 310 ನಿವಾಸಿಗಳಿಗೆ ವರ್ಷದವರೆಗೆ ದಿನಾ ಕ್ಯಾಪ್ಸೂಲ್ ಕೊಟ್ಟರೂ ಆ್ಯಂಟಿಬಯಾಟಿಕ್ ಬಳಕೆ ತಗ್ಗಲಿಲ್ಲ. ರಕ್ತಪರೀಕ್ಷೆಯಲ್ಲಿ ಕಾಣುವ ಚುರುಕು ಬೇರೆ, ಹಾಸಿಗೆ ಹಿಡಿಯದಿರುವುದು ಬೇರೆ. ನಿರುಪದ್ರವಿ ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ: ನೆದರ್‌ಲೆಂಡ್ಸಿನಲ್ಲಿ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಿದ್ದ ರೋಗಿಗಳಿಗೆ ಪ್ರೊಬಯಾಟಿಕ್ ಕೊಟ್ಟ 2008ರ ಪ್ರಯೋಗದಲ್ಲಿ, ಅದನ್ನು ಪಡೆದವರ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು.

ಹೀಗಾಗಿ ಗಮನ ಮತ್ತೆ ಊಟದ ಕಡೆಗೆ ಹೊರಳಿತು. ಯುರೋಪಿನ ಐದು ದೇಶಗಳ, 65ರಿಂದ 79 ವರ್ಷದ 612 ಜನ ಒಂದು ವರ್ಷದ ಅಧ್ಯಯನಕ್ಕೆ ಒಳಪಟ್ಟರು. ಅವರಲ್ಲಿ ತರಕಾರಿ, ಕಾಳು, ಹಣ್ಣು, ಆಲಿವ್ ಎಣ್ಣೆಯ ಮೆಡಿಟರೇನಿಯನ್ ಊಟವನ್ನು ನಿಷ್ಠೆಯಿಂದ ಪಾಲಿಸಿದವರ ಕರುಳಿನಲ್ಲಿ ಕೆಲವು ಬ್ಯಾಕ್ಟೀರಿಯಾ ಹೆಚ್ಚಿದವು. ಆ ಹೆಚ್ಚಳದ ಜೊತೆಗೇ ನಿಶ್ಶಕ್ತಿ ಕಡಿಮೆಯಾದದ್ದು, ನೆನಪು, ಯೋಚನೆ ಸುಧಾರಿಸಿದ್ದು ಕಂಡವು. 2020ರ ಈ ವರದಿಯ ಹಿಂದೆಯೂ ಒಟೂಲ್ ಇದ್ದಾರೆ. ಹೊರಗಿನಿಂದ ಹೊಸ ಒಕ್ಕಲನ್ನು ತರಲಿಲ್ಲ, ಇದ್ದವರಿಗೇ ಉಣ್ಣಲು ಕೊಟ್ಟರು. ಮರುವರ್ಷ ಸ್ಟ್ಯಾನ್‌ಫರ್ಡ್‌ನ 36 ವಯಸ್ಕರ ಪ್ರಯೋಗದಲ್ಲಿ, ಹತ್ತು ವಾರ ಮೊಸರು, ಕೆಫಿರ್, ಕಿಮ್ಚಿಯಂಥ ಹುದುಗಿಸಿದ ತಿನಿಸು ಹೆಚ್ಚಾಗಿ ತಿಂದವರಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಏರಿತು, ಉರಿಯೂತದ 19 ಪ್ರೋಟೀನುಗಳು ಇಳಿದವು. ಅವರು ಮುದುಕರಲ್ಲ; ಮುದುಕರಿಗೆ ಇದು ಒಗ್ಗುತ್ತದೆಂದು ಈಗಲೇ ಹೇಳುವುದು ಆತುರವಾಗುತ್ತದೆ.

ನಮ್ಮ ಅಡುಗೆಮನೆಗೆ ಬಂದರೆ, ಹುದುಗಿಸಿದ್ದೆಲ್ಲ ಪ್ರೊಬಯಾಟಿಕ್ ಎಂಬ ಹೆಮ್ಮೆಯನ್ನು ಸ್ವಲ್ಪ ಇಳಿಸಬೇಕು. ಇಡ್ಲಿ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾ ಹಬೆಯಲ್ಲಿ ಸಾಯುತ್ತವೆ. ಕುದಿಸಿದ ಮಜ್ಜಿಗೆಹುಳಿಯಲ್ಲೂ ಅಷ್ಟೇ. ಹುದುಗು ಬಂದಾಗ ಹಿಟ್ಟಿಗೆ ಸಿಗುವ ಪೌಷ್ಟಿಕಾಂಶ ಉಳಿಯುತ್ತದೆ, ಜೀವ ಉಳಿಯುವುದಿಲ್ಲ. ಮನೆಯ ಹೆಪ್ಪಿನ ಮೊಸರು, ನೀರು ಮಜ್ಜಿಗೆಯಲ್ಲಿ ಬ್ಯಾಕ್ಟೀರಿಯಾ ಜೀವಂತವಾಗಿರುತ್ತವೆ, ಆದರೆ ಹೆಪ್ಪಿನಿಂದ ಹೆಪ್ಪಿಗೆ ತಳಿ ಬೇರೆ, ಎಣಿಕೆ ಬೇರೆ. ಯುರೋಪಿನ ಆಹಾರ ಪ್ರಾಧಿಕಾರ ಮೊಸರಿನ ಜೀವಂತ ಬ್ಯಾಕ್ಟೀರಿಯಾದ ಬಗ್ಗೆ ಒಪ್ಪಿರುವುದು ಒಂದೇ ಮಾತು, ಹಾಲಿನ ಲ್ಯಾಕ್ಟೋಸ್ ಅರಗಿಸಲು ಸಹಾಯ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅಜ್ಜ ಮೊಸರನ್ನ ಉಂಡು ಆರಾಮವಾಗಿರುವುದು ಅದರಿಂದಲೇ. ಸಿಪ್ರೊಫ್ಲಾಕ್ಸಸಿನ್ ಮಾತ್ರೆ ನಡೆಯುತ್ತಿದ್ದರೆ ಮಾತ್ರ ಮೊಸರು, ಮಜ್ಜಿಗೆಯನ್ನು ಅದರ ಜೊತೆಗೆ ಕೊಡಬಾರದು. ಅವುಗಳಲ್ಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದಿಟ್ಟು ರಕ್ತಕ್ಕೆ ಪೂರ್ತಿಯಾಗಿ ಸೇರಗೊಡುವುದಿಲ್ಲ. ಉಪ್ಪಿನಕಾಯಿಯನ್ನೂ ಈಗೀಗ ಇದೇ ಪಟ್ಟಿಗೆ ಸೇರಿಸುವವರಿದ್ದಾರೆ. ರಕ್ತದೊತ್ತಡ ಇರುವವರ ಎಲೆಯಲ್ಲಿ ಅದು ಮೊದಲು ಉಪ್ಪು, ಮಿಕ್ಕದ್ದೆಲ್ಲ ಆಮೇಲೆ.