ವೀಡಿಯೊ ಎನ್‌ಕೋಡರ್ ಡ್ರೈವರ್‌ಗಳಲ್ಲಿ ಬಫರಿನ ಸ್ವಾಧೀನ: ಒಂದು ಐತಿಹಾಸಿಕ ಪರಿಶೀಲನೆ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವೇಗವೊಂದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ರೂಢಿ. ಗಣಕಯಂತ್ರದ ವಿಷಯದಲ್ಲಂತೂ ಈ ರೂಢಿ ಬಲವಾಗಿ ಬೇರೂರಿದೆ. ಆದರೆ ಲಿನಕ್ಸ್ ಕರ್ನಲ್‌ನ ವೀಡಿಯೊ ಡ್ರೈವರ್‌ಗಳು ಮೆಮೊರಿಯ ಬಫರುಗಳನ್ನು ನಿರ್ವಹಿಸಿಕೊಂಡು ಬಂದ ಕ್ರಮವನ್ನು ಪರಿಶೀಲಿಸಿದರೆ ಈ ಅಳತೆಗೋಲು ಸಾಲದೆಂಬುದು ವಿದಿತವಾಗುತ್ತದೆ. ಭೂಮಿಯ ಚರಿತ್ರೆಯಲ್ಲಿ ಒಡೆತನ, ಅನುಭೋಗಗಳ ಪ್ರಶ್ನೆ ಎಷ್ಟು ಮುಖ್ಯವೋ ಇಲ್ಲಿ ಸ್ವಾಧೀನದ ಪ್ರಶ್ನೆಯೂ ಅಷ್ಟೇ ಮುಖ್ಯವಾಗಿತ್ತೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯುವುದು ಅಗತ್ಯ. ಕ್ಯಾಮೆರಾದಿಂದ ಬಂದ ಚಿತ್ರಗಳನ್ನು ಸಂಕುಚಿತಗೊಳಿಸುವ ಯಂತ್ರಭಾಗವೇ ಎನ್‌ಕೋಡರ್. ಅದನ್ನು ನಡೆಸುವ ತಂತ್ರಾಂಶವೇ ಡ್ರೈವರ್. ಚಿತ್ರವು ತಾತ್ಕಾಲಿಕವಾಗಿ ನೆಲೆಸುವ ಮೆಮೊರಿಯ ತುಣುಕೇ ಬಫರ್. ೧೯೨೦ × ೧೦೮೦ ಬಿಂದುಗಳ ಒಂದು ಚಿತ್ರವು, ಬಿಂದುವೊಂದಕ್ಕೆ ಒಂದೂವರೆ ಬೈಟಿನಂತೆ, ೩೧,೧೦,೪೦೦ ಬೈಟುಗಳನ್ನು ವ್ಯಾಪಿಸುತ್ತದೆ. ಸೆಕೆಂಡಿಗೆ ೩೦ ಚಿತ್ರಗಳಾದರೆ ೯,೩೩,೧೨,೦೦೦ ಬೈಟುಗಳು. ಇವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವುದು ದುಬಾರಿಯಾದುದರಿಂದ, ಒಂದೇ ಬಫರನ್ನು ಬಳಕೆದಾರನ ತಂತ್ರಾಂಶವೂ ಯಂತ್ರವೂ ಹಂಚಿಕೊಳ್ಳಬೇಕಾಯಿತು. ಹಂಚಿಕೊಂಡೊಡನೆ ತೊಡಕು ತಲೆದೋರಿತು. ಎನ್‌ಕೋಡರ್ ಓದುತ್ತಿರುವಾಗಲೇ ತಂತ್ರಾಂಶವು ಹೊಸ ಚಿತ್ರವನ್ನು ಬರೆದರೆ ಅರ್ಧ ಹಳೆಯದು, ಅರ್ಧ ಹೊಸದು ಆದ ಚಿತ್ರ ಹೊರಬರುತ್ತದೆ. ಬಿಡುಗಡೆಯಾದ ಮೆಮೊರಿಗೆ ಯಂತ್ರವು ಬರೆದರಂತೂ ಸಂಬಂಧವೇ ಇಲ್ಲದ ಮತ್ತೊಂದು ಕಾರ್ಯಕ್ರಮದ ದತ್ತಾಂಶ ಹಾಳಾಗುತ್ತದೆ.

೧೯೯೯ರ ಜನವರಿಯಲ್ಲಿ ಹೊರಬಂದ ೨.೨ ಕರ್ನಲ್‌ನಲ್ಲಿ 'ವೀಡಿಯೊ ಫಾರ್ ಲಿನಕ್ಸ್' ಎಂಬ ವ್ಯವಸ್ಥೆಯಿತ್ತು. ಅದರ ದೃಷ್ಟಿ ಮುಖ್ಯವಾಗಿ ಟೆಲಿವಿಷನ್ ಕಾರ್ಡುಗಳ ಮೇಲಿತ್ತು. ಕರ್ನಲ್‌ನ ಬಫರನ್ನು ತಂತ್ರಾಂಶಕ್ಕೆ ನೇರವಾಗಿ ಕಾಣಿಸುವ ಸೌಲಭ್ಯ ಅದರಲ್ಲಿ ಆಗಲೇ ಇದ್ದುದು ಗಮನಾರ್ಹ. ವೇಗವೊಂದೇ ಗುರಿಯಾಗಿದ್ದರೆ, ನಕಲು ತಪ್ಪಿದ ಆ ಘಟ್ಟದಲ್ಲೇ ಮುಖ್ಯ ಸಮಸ್ಯೆ ತೀರಿದಂತಾಗುತ್ತಿತ್ತು. ಆದರೆ ೨೦೦೨ರಲ್ಲಿ ಕರ್ನಲ್‌ಗೆ ಸೇರಿದ ಎರಡನೆಯ ವ್ಯವಸ್ಥೆಯು ಒಂದು ನಿಯಮವನ್ನು ಸ್ಪಷ್ಟಗೊಳಿಸಿತು. ತಂತ್ರಾಂಶವು ಬಫರನ್ನು ಸಾಲಿಗೆ ಸೇರಿಸಿದ ಕ್ಷಣದಿಂದ ಅದು ಡ್ರೈವರಿನ ವಶ. ಸಾಲಿನಿಂದ ಹಿಂದಕ್ಕೆ ಪಡೆದ ಮೇಲೆ ಪುನಃ ತಂತ್ರಾಂಶದ ವಶ. ಈ ಎರಡು ಕ್ರಿಯೆಗಳ ನಡುವೆ ತಂತ್ರಾಂಶವು ಬಫರನ್ನು ಮುಟ್ಟಲಾಗದು. ಕೊಟ್ಟು ತೆಗೆದುಕೊಳ್ಳುವ ಈ ಕರಾರು ಮುಂದಿನ ಬೆಳವಣಿಗೆಗೆ ಆಧಾರವಾಯಿತು.

ಎನ್‌ಕೋಡರ್ ಈ ಕರಾರನ್ನು ಕಠಿಣ ಪರೀಕ್ಷೆಗೆ ಒಡ್ಡಿತು. ಟೆಲಿವಿಷನ್ ಕಾರ್ಡಿಗೆ ಒಂದು ಸಾಲು ಸಾಕಾಗಿದ್ದರೆ ಎನ್‌ಕೋಡರಿಗೆ ಎರಡು ಬೇಕು: ಮೂಲಚಿತ್ರಗಳು ಒಳಬರುವ ಸಾಲೊಂದು, ಸಂಕುಚಿತ ದತ್ತಾಂಶ ಹೊರಹೋಗುವ ಸಾಲು ಇನ್ನೊಂದು. ಇವೆರಡೂ ಒಂದೇ ಹೆಜ್ಜೆಯಲ್ಲಿ ಸಾಗುವುದಿಲ್ಲ. ಎಚ್.೨೬೪ ಪದ್ಧತಿಯ ಬಿ-ಚಿತ್ರವು ತನ್ನ ಹಿಂದಿನ ಹಾಗೂ ಮುಂದಿನ ಚಿತ್ರಗಳೆರಡನ್ನೂ ಆಶ್ರಯಿಸಬಲ್ಲದು. ಮುಂದಿನದು ಬರುವವರೆಗೆ ಅದರ ಮೂಲಚಿತ್ರವನ್ನು ಡ್ರೈವರ್ ಹಿಡಿದಿಟ್ಟುಕೊಳ್ಳಲೇಬೇಕು. ಸ್ಯಾಮ್‌ಸಂಗ್‌ನ ಎಂಎಫ್‌ಸಿ ಯಂತ್ರಭಾಗಕ್ಕೆ ಬರೆದ ಡ್ರೈವರ್‌ನಲ್ಲಿ ಹೀಗೆ ತಡೆಹಿಡಿದ ಬಫರುಗಳಿಗೆಂದೇ ಪ್ರತ್ಯೇಕ ಸಾಲೊಂದಿದೆ. ಒಳಗೆ ಕೊಟ್ಟ ಕ್ರಮದಲ್ಲೇ ಬಫರು ಹಿಂದಿರುಗುತ್ತದೆಂದು ನಂಬಿದ ತಂತ್ರಾಂಶ ಇಲ್ಲಿ ಎಡವುವುದು ಸಹಜ. ಇಷ್ಟಲ್ಲದೆ ಸಂಕುಚಿತ ಚಿತ್ರದ ಗಾತ್ರವು ಮೊದಲೇ ತಿಳಿಯುವಂತಹದಲ್ಲ. ದೊಡ್ಡ ಬಫರನ್ನು ಕೊಟ್ಟು, ಅದರಲ್ಲಿ ಎಷ್ಟು ಬೈಟು ತುಂಬಿದೆಯೆಂಬ ಲೆಕ್ಕವನ್ನು ಡ್ರೈವರಿನಿಂದ ಪಡೆಯಬೇಕಾಗುತ್ತದೆ.

ವಶದ ಪ್ರಶ್ನೆಯ ಜೊತೆಗೆ ಮೆಮೊರಿಯ ಮೂಲದ ಪ್ರಶ್ನೆಯೂ ಇತ್ತು. ಮೊಬೈಲ್ ಫೋನಿನಂತಹ ಸಣ್ಣ ಸಾಧನಗಳ ಅನೇಕ ಎನ್‌ಕೋಡರುಗಳಿಗೆ ಅಖಂಡವಾದ ಮೆಮೊರಿ ಬೇಕಾಗಿತ್ತು. ಯಂತ್ರ ಆರಂಭವಾಗುವಾಗಲೇ ಒಂದು ಭಾಗವನ್ನು ಕಾದಿರಿಸಿಬಿಡುವುದು ತಯಾರಕರ ಪದ್ಧತಿಯಾಯಿತು. ಕ್ಯಾಮೆರಾ ಸುಮ್ಮನಿದ್ದಾಗಲೂ ಆ ಭಾಗ ಬೇರಾರಿಗೂ ಒದಗುತ್ತಿರಲಿಲ್ಲ. ಹಳೆಯ 'ವೀಡಿಯೊಬಫ್' ಪದರದಲ್ಲಿಯೂ ದೋಷಗಳಿದ್ದವು. ಪ್ರವಾಹವನ್ನು ನಿಲ್ಲಿಸಿದೊಡನೆ ಬಫರುಗಳನ್ನೇ ವಿಸರ್ಜಿಸುತ್ತಿದ್ದುದು ಅವುಗಳಲ್ಲೊಂದು.

೨೦೧೧-೧೨ರ ಅವಧಿಯನ್ನು ಈ ಇತಿಹಾಸದ ಸಂಧಿಕಾಲವೆನ್ನಬಹುದು. ೨೦೧೧ರ ಮೇ ತಿಂಗಳಲ್ಲಿ ಹೊರಬಂದ ೨.೬.೩೯ ಕರ್ನಲ್‌ನಲ್ಲಿ ಪಾವೆಲ್ ಓಸ್ಚಾಕ್, ಮಾರೆಕ್ ಶಿಪ್ರೋವ್ಸ್ಕಿ ಮೊದಲಾದವರ 'ವೀಡಿಯೊಬಫ್೨' ಸೇರಿತು. ಸಾಲುಗಳ ನಿರ್ವಹಣೆಯನ್ನೂ ಮೆಮೊರಿಯ ಹಂಚಿಕೆಯನ್ನೂ ಅದು ಬೇರ್ಪಡಿಸಿತು. ೨೦೧೨ರ ೩.೫ ಕರ್ನಲ್‌ಗೆ ಬಂದ 'ಸಿಎಂಎ' ಎಂಬ ವ್ಯವಸ್ಥೆ, ಕಾದಿರಿಸಿದ ಭಾಗವನ್ನು ಇತರರೂ ಬಳಸಲು ಬಿಟ್ಟು, ಡ್ರೈವರಿಗೆ ಬೇಕಾದಾಗ ಅವರನ್ನು ಬೇರೆಡೆಗೆ ಸಾಗಿಸಿತು. ಅದೇ ವರ್ಷದ ೩.೩ ಕರ್ನಲ್‌ನ 'ಡಿಎಂಎ-ಬಫ್' ಬಫರಿಗೊಂದು ಗುರುತನ್ನು ಕೊಟ್ಟು, ಕ್ಯಾಮೆರಾ, ಎನ್‌ಕೋಡರ್, ತೆರೆ ಈ ಮೂವರೂ ಒಂದೇ ಬಫರನ್ನು ನಕಲಿಲ್ಲದೆ ಕೈಯಿಂದ ಕೈಗೆ ದಾಟಿಸಲು ಅನುವು ಮಾಡಿತು. ಆಂಡ್ರಾಯ್ಡ್‌ಗಾಗಿ ರೂಪುಗೊಂಡಿದ್ದ 'ಅಯಾನ್' ಎಂಬ ಹಂಚಿಕೆಯ ವ್ಯವಸ್ಥೆ ಕೆಲಕಾಲ ಇದರ ಜೊತೆಗೇ ನಡೆಯಿತು. ೨೦೨೦ರಲ್ಲಿ 'ಡಿಎಂಎ-ಬಫ್ ಹೀಪ್'ಗಳು ಬಂದ ಮೇಲೆ, ೨೦೨೧ರ ೫.೧೧ ಕರ್ನಲ್‌ನಲ್ಲಿ ಅದನ್ನು ಕೈಬಿಡಲಾಯಿತು.

ವೇಗದ ಬಯಕೆ ಈ ಬದಲಾವಣೆಗಳಿಗೆ ಪ್ರೇರಕವಾಗಿತ್ತೆಂಬುದನ್ನು ನಾವು ನಿರಾಕರಿಸುವುದಿಲ್ಲ. ಆದರೆ ನಕಲು ತಪ್ಪಿಸುವ ಉಪಾಯ ದೊರೆತ ಮೇಲೂ ದಶಕಕ್ಕೂ ಮಿಗಿಲಾದ ಶ್ರಮ ಬೇಕಾದುದು, ಒಬ್ಬರನ್ನೊಬ್ಬರು ಅರಿಯದ ಡ್ರೈವರುಗಳು ಒಪ್ಪಿ ನಡೆಯಬಲ್ಲ ಸಮಾನ ನಿಯಮವೊಂದನ್ನು ರೂಪಿಸುವುದಕ್ಕೆ. ಕರ್ನಲ್‌ನ ಬಹುಪಾಲು ತಿದ್ದುಪಡಿಗಳು ಕರ್ತೃವಿನ ಹೆಸರು, ದಿನಾಂಕ, ಕಾರಣಗಳೊಡನೆ ಇಂದು ಬಹಿರಂಗವಾಗಿ ಓದಲು ದೊರೆಯುತ್ತವೆ. ಶಾಸನ, ಕಡತಗಳನ್ನು ಓದಲು ಕಲಿತ ನಮ್ಮ ವಿದ್ಯಾರ್ಥಿಗಳು ಈ ದಫ್ತರವನ್ನು ತಂತ್ರಜ್ಞರಿಗೇ ಬಿಟ್ಟುಕೊಡದೆ, ಹಂಚಿಕೊಂಡ ಸ್ವತ್ತಿಗೆ ಮನುಷ್ಯರು ನಿಯಮ ಕಟ್ಟಿಕೊಂಡ ಬಗೆಯ ಆಧಾರವಾಗಿ ಪರಿಶೀಲಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ.