ಅಂಗೈಯಗಲದ ಗಣಕದಲ್ಲಿ ಮಿದುಳಿನ ಮಾದರಿ

ಬೆಂಗಳೂರು: ಮನುಷ್ಯನ ಮಿದುಳು ಸುಮಾರು 20 ವಾಟ್ ಶಕ್ತಿಯಲ್ಲಿ ಕೆಲಸ ಮಾಡುತ್ತದೆ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಗಣಕಕ್ಕೆ ಶಿಫಾರಸು ಮಾಡಲಾಗಿರುವ ಅಡಾಪ್ಟರ್‌ನ ಸಾಮರ್ಥ್ಯ 15 ವಾಟ್. ಅಂಕಿಗಳು ಹತ್ತಿರವಿದ್ದರೂ ಇವೆರಡೂ ಮಾಡುವ ಕೆಲಸಕ್ಕೆ ಹೋಲಿಕೆಯೇ ಇಲ್ಲ. ಆ ಅಂತರವನ್ನು ತಗ್ಗಿಸಲು ನರಕೋಶಗಳ ಕಾರ್ಯವಿಧಾನವನ್ನೇ ಅನುಸರಿಸುವ ಗಣನಾ ಪದ್ಧತಿಗೆ 'ನ್ಯೂರೋಮಾರ್ಫಿಕ್ ಕಂಪ್ಯೂಟಿಂಗ್' ಎಂದು ಹೆಸರು. 1980ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಕಾರ್ವರ್ ಮೀಡ್ ಈ ಪದವನ್ನು ಬಳಕೆಗೆ ತಂದರು.

ಇಲ್ಲಿ ನರಕೋಶವನ್ನು ತಳದಲ್ಲಿ ಸಣ್ಣ ತೂತಿರುವ ಕೊಡಕ್ಕೆ ಹೋಲಿಸಬಹುದು. ಸಂಕೇತಗಳು ಬಂದಂತೆ ಅದು ತುಂಬುತ್ತದೆ. ಬಾರದಿದ್ದರೆ ಸೋರಿ ಇಳಿಯುತ್ತದೆ. ನಿಗದಿತ ಮಟ್ಟ ಮುಟ್ಟಿದೊಡನೆ ಒಂದು ಮಿಡಿತವನ್ನು ಹೊರಡಿಸಿ ಬರಿದಾಗುತ್ತದೆ. ಪೈಥಾನ್ ಭಾಷೆಯಲ್ಲಿರುವ ಬ್ರಯಾನ್, ನೆಂಗೋ ಮುಂತಾದ ತಂತ್ರಾಂಶಗಳು ಇಂತಹ ಸಾವಿರಾರು ನರಕೋಶಗಳ ಜಾಲವನ್ನು ಸಣ್ಣ ಲಿನಕ್ಸ್ ಗಣಕದಲ್ಲೂ ಅನುಕರಿಸಬಲ್ಲವು.

ತೊಡಕಿರುವುದು ಸ್ಮೃತಿಯಲ್ಲಿ. 10,000 ನರಕೋಶಗಳಿಗೆ ತಲಾ 1,000 ಸಂಪರ್ಕಗಳಿದ್ದರೆ ಒಟ್ಟು ಸಂಪರ್ಕಗಳು 1 ಕೋಟಿ. ಪ್ರತಿಯೊಂದಕ್ಕೂ 4 ಬೈಟ್‌ನಂತೆ 40 ಮೆಗಾಬೈಟ್ ಬೇಕು. ಪೈ 4ರ ಪ್ರೊಸೆಸರ್‌ನೊಳಗಿನ ಹಂಚಿಕೆಯ ಕ್ಯಾಶ್ ಕೇವಲ 1 ಮೆಗಾಬೈಟ್. ಹೀಗಾಗಿ ಹೊರಗಿನ ಸ್ಮೃತಿಯಿಂದ ಮಾಹಿತಿಯನ್ನು ಮತ್ತೆ ಮತ್ತೆ ತರಬೇಕಾಗುತ್ತದೆ. ಸಮಯ, ವಿದ್ಯುತ್ ಎರಡೂ ಈ ಓಡಾಟಕ್ಕೇ ಹೋಗುತ್ತವೆ. ಮಿದುಳಿನಲ್ಲಿ ನೆನಪು ಮತ್ತು ಗಣನೆಗೆ ಇಂತಹ ಪ್ರತ್ಯೇಕ ಮನೆಗಳಿಲ್ಲ. ಆದ್ದರಿಂದ ತಂತ್ರಾಂಶವನ್ನು ಅಳವಡಿಸಿದ ಮಾತ್ರಕ್ಕೆ ಪೈ ಗಣಕ ನ್ಯೂರೋಮಾರ್ಫಿಕ್ ಆಗದು. ಅದರಿಂದ ದೊರೆಯುವುದು ಕಲಿಕೆಯೇ ಹೊರತು ವಿದ್ಯುತ್ ಉಳಿತಾಯವಲ್ಲ.

ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ 'ಸ್ಪಿನ್ನೇಕರ್' ಕೂಡ ಪೈನಂತೆಯೇ ಆರ್ಮ್ ವಿನ್ಯಾಸದ ಸಣ್ಣ ಪ್ರೊಸೆಸರ್‌ಗಳನ್ನು ಬಳಸುತ್ತದೆ. ಆದರೆ 2018ರಲ್ಲಿ ಅವುಗಳ ಸಂಖ್ಯೆ 10 ಲಕ್ಷ ಮುಟ್ಟಿತ್ತು!

ಚಿಪ್ಪನ್ನೇ ಬದಲಿಸುವ ಸಂಶೋಧನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ. ಚೇತನ್ ಸಿಂಗ್ ಠಾಕೂರ್ ಅವರ ತಂಡವು ಕೃತಕ ಬುದ್ಧಿಮತ್ತೆಯ ಕೆಲಸಗಳಿಗಾಗಿ ರೂಪಿಸಿದ 'ಆರ್ಯಭಟ-1' ಅನಲಾಗ್ ಚಿಪ್ 2022ರಲ್ಲಿ ಸುದ್ದಿಯಾಯಿತು. 2024ರಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡವು 16,500 ಸ್ಥಿತಿಗಳಲ್ಲಿ ಮಾಹಿತಿಯನ್ನು ಹಿಡಿದಿಡುವ ಅಣು ಪದರದ ವಿವರವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಅದರಲ್ಲಿ ಸಂಗ್ರಹ ಮತ್ತು ಗಣನೆ ಒಂದೇ ಕಡೆ ನಡೆಯುತ್ತವೆ.

ಇಂತಹ ಚಿಪ್‌ಗಳು ಕೆ.ಆರ್. ಪುರದ ಇಂಜಿನಿಯರಿಂಗ್ ವಿದ್ಯಾರ್ಥಿಯ ಕೈಗೆ ಸುಲಭವಾಗಿ ಎಟುಕುವಂಥವಲ್ಲ. ಸದ್ಯಕ್ಕೆ ಆತನಿಗೆ ಪೈ ಗಣಕವೇ ಪ್ರಯೋಗಾಲಯ. ಕೆಲವು ನೂರು ನರಕೋಶಗಳಿಂದ ಆರಂಭಿಸುವುದು ಲೇಸು. ಬ್ರಯಾನ್ ತಂತ್ರಾಂಶದಲ್ಲಿ ಜಾಲವನ್ನು ಸಿ++ ಭಾಷೆಗೆ ಪರಿವರ್ತಿಸಿ ಓಡಿಸುವ ಸೌಲಭ್ಯವೂ ಇದೆ. ಒಂದು ಸೆಕೆಂಡಿನ ಮಿಡಿತವನ್ನು ಲೆಕ್ಕ ಹಾಕಲು ಗಣಕವು ಹತ್ತು ಸೆಕೆಂಡು ತೆಗೆದುಕೊಂಡರೂ ಅಧ್ಯಯನಕ್ಕೆ ಅಡ್ಡಿಯಿಲ್ಲ. ಚಲಿಸುವ ರೋಬಾಟ್‌ಗೆ ಅಳವಡಿಸುವುದಾದರೆ ಮಾತ್ರ ಆ ವಿಳಂಬ ಸಲ್ಲದು.